ಟ್ರೇಯಲ್ಲಿ ಉಳಿದ ಪರ್ಮಿಟ್

ಪ್ರತಿ ವರ್ಷ ಸಂಚಿಕೆ ತರುವ ಹೊತ್ತಿಗೆ ನಮ್ಮ ಸಂಪಾದಕರು ಫೋನ್ ಮಾಡಿ, "ಊರಿನ ನೆನಪು ಬಿಟ್ಟು ಬೇರೆ ಏನಾದ್ರೂ ಬರೀರಿ ಸ್ವಾಮಿ, ನಿಮ್ಮ ಕೆಲಸದ ಬಗ್ಗೆ ಬರೀರಿ" ಅಂತಾರೆ. ನನ್ನ ಕೆಲಸದಲ್ಲಿ ಬರೆಯುವಂಥದ್ದು ಏನಿದೆ? 22 ವರ್ಷದಿಂದ ಈ ಕೊಲ್ಲಿಯಲ್ಲಿ ಪೈಪು, ಪಂಪು, ವಾಲ್ವು. ಭದ್ರಾವತಿಯಲ್ಲಿ ಐಟಿಐ ಮಾಡಿ ಫಿಟ್ಟರ್ ಆಗಿ ಬಂದವನು, ಈಗ ಹಗಲು ಪಾಳಿಯ ಮೆಕ್ಯಾನಿಕಲ್ ಸೂಪರ್‌ವೈಸರ್. ಆದರೆ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೆಳಿಗ್ಗೆ ಎದ್ದು ಮೊದಲು ಮುಟ್ಟುವ ಕಾಗದ ಒಂದಿದೆಯಲ್ಲ, ವರ್ಕ್ ಪರ್ಮಿಟ್, ಅದಕ್ಕೊಂದು ಚರಿತ್ರೆ ಇದೆ. ಅದನ್ನು ಬರೆಯೋಣ ಅನ್ನಿಸಿತು. ಬರೆಯಲು ಇನ್ನೊಂದು ಕಾರಣವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಸ್ಕಾಟ್‌ಲೆಂಡಿನ ಅಬರ್ಡೀನ್ ಊರಿನಿಂದ ಈಶಾನ್ಯಕ್ಕೆ ಸುಮಾರು 190 ಕಿಲೋಮೀಟರ್ ದೂರ, ಉತ್ತರ ಸಮುದ್ರದ ನಡುವೆ ಪೈಪರ್ ಆಲ್ಫಾ ಅಂತ ಒಂದು ತೈಲದ ಪ್ಲಾಟ್‌ಫಾರ್ಮ್ ಇತ್ತು. ಆಕ್ಸಿಡೆಂಟಲ್ ಕಂಪನಿ ನಡೆಸುತ್ತಿತ್ತು. 1976ರಲ್ಲಿ ಎಣ್ಣೆ ತೆಗೆಯಲು ಶುರುಮಾಡಿದಾಗ ಅದನ್ನು ಕಟ್ಟಿದ್ದು ಬರೀ ಎಣ್ಣೆಗಾಗಿ. ಹಾಗಾಗಿ ಒಂದು ವಿಭಾಗಕ್ಕೂ ಇನ್ನೊಂದಕ್ಕೂ ನಡುವೆ ಬೆಂಕಿ ತಡೆಯುವ ಗೋಡೆ ಇಟ್ಟಿದ್ದರು. ಬೆಂಕಿ ತಡೆಯುವ ಗೋಡೆ ಬೇರೆ, ಸ್ಫೋಟ ತಡೆಯುವ ಗೋಡೆ ಬೇರೆ ಅನ್ನೋದು ನಮ್ಮ ಕೆಲಸದಲ್ಲಿರೋರಿಗೆ ಗೊತ್ತು. ಆಮೇಲೆ ಎರಡು ಮೂರು ವರ್ಷದಲ್ಲಿ ಗ್ಯಾಸ್ ಸಂಸ್ಕರಿಸುವ ಯಂತ್ರಗಳನ್ನೂ ಅದೇ ಕಟ್ಟಡಕ್ಕೆ ಸೇರಿಸಿದರು. ಅವು ಬಂದು ಕೂತದ್ದು ಕಂಟ್ರೋಲ್ ರೂಮಿನ ಪಕ್ಕದಲ್ಲೇ. ಗೋಡೆಗಳು ಹಳೆಯವೇ ಉಳಿದವು.

1988ರ ಜುಲೈ 6, ಬುಧವಾರ. ಪ್ಲಾಟ್‌ಫಾರ್ಮಿನ ಮೇಲೆ ಅವತ್ತು 226 ಜನ. ಕಂಡೆನ್ಸೇಟ್ ಪಂಪ್ ಅಂತ ಎರಡು ಇದ್ದವು, ಎ ಮತ್ತು ಬಿ. ಒಂದು ಓಡುತ್ತಿದ್ದರೆ ಇನ್ನೊಂದು ಸ್ಟ್ಯಾಂಡ್‌ಬೈ. ಅವತ್ತು ಬೆಳಿಗ್ಗೆ ಎ ಪಂಪನ್ನು ನಿಲ್ಲಿಸಿದರು. ಅದಕ್ಕೆ ಎರಡು ಕೆಲಸ ಬಾಕಿ ಇತ್ತು. ಒಂದು, ಎರಡು ವರ್ಷಕ್ಕೊಮ್ಮೆ ಮಾಡುವ ದೊಡ್ಡ ಸರ್ವಿಸ್. ಇನ್ನೊಂದು, ಅದರ ಲೈನಿನ ಮೇಲಿದ್ದ ಸೇಫ್ಟಿ ವಾಲ್ವನ್ನು ಬಿಚ್ಚಿ ಪರೀಕ್ಷೆ ಮಾಡುವುದು. ಎರಡು ಕೆಲಸ, ಎರಡು ಪರ್ಮಿಟ್. ಸರ್ವಿಸ್ ಕೆಲಸ ಇನ್ನೂ ಶುರುವಾಗಿರಲಿಲ್ಲ. ವಾಲ್ವ್ ಕೆಲಸದವರು, ಕಂಟ್ರಾಕ್ಟರ್ ಕಡೆಯ ಇಬ್ಬರು, ವಾಲ್ವ್ ಬಿಚ್ಚಿ ತೆರೆದ ಪೈಪಿಗೆ ಬ್ಲೈಂಡ್ ಫ್ಲೇಂಜ್ ಕೂರಿಸಿದರು. ಸಂಜೆ ಆರಕ್ಕೆ ಪಾಳಿ ಮುಗಿಯುವಷ್ಟರಲ್ಲಿ ವಾಲ್ವನ್ನು ವಾಪಸ್ ಹಾಕಲು ಆಗಲಿಲ್ಲ. ನಾಳೆ ಹಾಕೋಣ ಅಂತಾಯಿತು.

ಇಲ್ಲಿಂದ ಮುಂದಿನ ಹತ್ತು ನಿಮಿಷದ ಕಥೆ ನನಗೆ ಓದಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ವಾಲ್ವ್ ಕೆಲಸದ ಮುಖ್ಯಸ್ಥ ಪರ್ಮಿಟ್ ಹಿಡಿದುಕೊಂಡು ಕಂಟ್ರೋಲ್ ರೂಮಿಗೆ ಹೋದ. ಪಾಳಿ ಬದಲಾಗುವ ಹೊತ್ತು. ಪರ್ಮಿಟ್ ತೆಗೆದುಕೊಳ್ಳಬೇಕಾದ ಆಪರೇಟರ್ ಬೇರೆ ಮಾತಿನಲ್ಲಿದ್ದ. ಈತ ಸಹಿ ಮಾಡಿ ಕಾಗದ ಬಿಟ್ಟು ಹೋದ. ಅರ್ಧಕ್ಕೆ ನಿಂತ ಕೆಲಸದ ಪರ್ಮಿಟ್‌ಗಳನ್ನು ಅಲ್ಲಿ ಕಂಟ್ರೋಲ್ ರೂಮಿನಲ್ಲಿ ಇಡುತ್ತಿರಲಿಲ್ಲ, ಸೇಫ್ಟಿ ಆಫೀಸಿನಲ್ಲಿ ಇಡುತ್ತಿದ್ದರು. ಅದೂ ಪಂಪಿನ ಹೆಸರಿನಲ್ಲಲ್ಲ, ಜಾಗದ ಪ್ರಕಾರ ಜೋಡಿಸಿ. ವಾಲ್ವ್ ಇದ್ದದ್ದು ಪಂಪಿಗಿಂತ ಮೇಲಿನ ಮಟ್ಟದಲ್ಲಿ, ಪಂಪಿನ ಹತ್ತಿರ ನಿಂತವನಿಗೆ ಕಾಣದ ಹಾಗೆ.

ರಾತ್ರಿ 9.45ರ ಸುಮಾರಿಗೆ ಬಿ ಪಂಪ್ ಟ್ರಿಪ್ ಆಯಿತು. ಎಷ್ಟು ಒದ್ದಾಡಿದರೂ ಮತ್ತೆ ಓಡಲಿಲ್ಲ. ಎರಡೂ ಪಂಪ್ ಇಲ್ಲ ಅಂದರೆ ಗ್ಯಾಸ್ ಪ್ಲಾಂಟ್ ನಿಲ್ಲುತ್ತದೆ, ಜನರೇಟರಿಗೆ ಹೋಗುವ ಗ್ಯಾಸ್ ನಿಲ್ಲುತ್ತದೆ, ಇಡೀ ಪ್ಲಾಟ್‌ಫಾರ್ಮ್ ಕತ್ತಲಾಗುವ ಭಯ. ರಾತ್ರಿ ಪಾಳಿಯವರು ಎ ಪಂಪಿನ ಕಾಗದ ಹುಡುಕಿದರು. ಸರ್ವಿಸ್ ಪರ್ಮಿಟ್ ಸಿಕ್ಕಿತು. ಕೆಲಸ ಶುರುವಾಗಿಲ್ಲ ಅಂತ ಅದರಲ್ಲಿ ಸ್ಪಷ್ಟ ಇತ್ತು. ಹಾಗಾದರೆ ಪಂಪ್ ಸರಿಯಾಗೇ ಇದೆ, ಚಾಲೂ ಮಾಡೋಣ. ಎರಡನೇ ಪರ್ಮಿಟ್ ಒಂದಿದೆ ಅಂತ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಾತ್ರಿ ಹತ್ತರ ಸುಮಾರಿಗೆ ಮೊದಲ ಸ್ಫೋಟ. ಆ ಬ್ಲೈಂಡ್ ಫ್ಲೇಂಜ್ ಬಿಗಿಯಾಗಿರಲಿಲ್ಲ, ಅಲ್ಲಿಂದಲೇ ಸೋರಿರುವ ಸಂಭವ ಹೆಚ್ಚು ಅಂತ ಆಮೇಲಿನ ವಿಚಾರಣೆ ಹೇಳಿತು.

ನಾನು ಈ ಕಥೆಯನ್ನು ಮೊದಲ ಸಲ ಕೇಳಿದ್ದು ಒಂದು ಸೇಫ್ಟಿ ತರಬೇತಿಯಲ್ಲಿ, ಎಸಿ ರೂಮಿನಲ್ಲಿ ತೂಕಡಿಸುತ್ತಾ. ಪಾಠ ಮಾಡಿದಾತ, "ಆ ಆಪರೇಟರ್‌ಗಳು ತಪ್ಪು ನಿರ್ಧಾರ ತೆಗೆದುಕೊಂಡರು" ಅಂದ. ಅವತ್ತು ಹೌದು ಅಂದುಕೊಂಡೆ. ಈಗ ನನ್ನ ಅಭಿಪ್ರಾಯ ಬೇರೆ. ಅವರ ಕೈಯಲ್ಲಿದ್ದ ಕಾಗದದ ಪ್ರಕಾರ ಅವರ ನಿರ್ಧಾರ ಸರಿಯಾಗೇ ಇತ್ತು. ನಾನಿದ್ದರೂ ಅದೇ ಗುಂಡಿ ಒತ್ತುತ್ತಿದ್ದೆ, ನೀವೂ ಒತ್ತುತ್ತಿದ್ದಿರಿ. ಹತ್ತು ಗಂಟೆಯ ನಿರ್ಧಾರ ಕೆಟ್ಟದ್ದು ಸಂಜೆ ಆರು ಗಂಟೆಗೆ. ಇನ್ನೂ ಹಿಂದೆ ಹೋದರೆ, ಅರ್ಧ ಕೆಲಸದ ಪರ್ಮಿಟ್ ಎಲ್ಲಿಡಬೇಕು ಅಂತ ಯಾರೋ ಮೇಜಿನ ಮುಂದೆ ಕೂತು ನಿಯಮ ಮಾಡಿದ ದಿನ ಕೆಟ್ಟದ್ದು. ಆದರೆ ಬೆಂಕಿ ಬಿದ್ದಾಗ ನಾವು ಹುಡುಕುವುದು ಕೊನೆಗೆ ಗುಂಡಿ ಒತ್ತಿದ ಕೈಯನ್ನು.

ಇನ್ನೂ ಒಂದು ವಿಷಯ. ಹಿಂದಿನ ವರ್ಷ, 1987ರ ಸೆಪ್ಟೆಂಬರಿನಲ್ಲಿ, ಅದೇ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಕೆಲಸಗಾರ ಸತ್ತಿದ್ದ. ಅಲ್ಲಿಯೂ ತೊಡಕು ಬಂದದ್ದು ಪರ್ಮಿಟ್ ಮತ್ತು ಪಾಳಿ ಬದಲಾವಣೆಯ ಮಾತುಕತೆಯಲ್ಲೇ. ಕಂಪನಿ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡಿತ್ತು. ಆದರೆ ಹ್ಯಾಂಡೋವರ್ ಮಾಡುವ ರೀತಿ ಬದಲಾಗಲಿಲ್ಲ. 1988ರ ಜೂನಿನಲ್ಲಿ, ಅಂದರೆ ದುರಂತಕ್ಕೆ ಕೆಲವೇ ವಾರ ಮೊದಲು, ಸರ್ಕಾರದ ಇನ್‌ಸ್ಪೆಕ್ಟರ್ ಬಂದು ನೋಡಿಕೊಂಡು ಹೋಗಿದ್ದರು. ಅವರ ಕಣ್ಣಿಗೂ ಏನೂ ಬೀಳಲಿಲ್ಲ. ಆಡಿಟ್ ಬರುವ ದಿನ ನಮ್ಮ ಸೈಟ್ ಹೇಗೆ ಹೊಳೆಯುತ್ತದೆ ಅಂತ ಬಲ್ಲ ನಮಗೆ ಇದೇನು ಆಶ್ಚರ್ಯವಲ್ಲ ಬಿಡಿ.

ಬೆಂಕಿ ಆರಿಸುವ ನೀರಿನ ಪಂಪುಗಳು ಅವತ್ತು ಯಾಕೆ ಓಡಲಿಲ್ಲ? ಅವು ತಾನಾಗಿ ಚಾಲೂ ಆಗಬೇಕಿತ್ತು, ಆದರೆ ಮ್ಯಾನುಯಲ್‌ಗೆ ಹಾಕಿಟ್ಟಿದ್ದರು. ಸಮುದ್ರದಲ್ಲಿ ಮುಳುಗುಗಾರರು ಕೆಲಸ ಮಾಡುವಾಗ ಪಂಪ್ ಅವರನ್ನು ಒಳಗೆ ಎಳೆದುಕೊಳ್ಳಬಾರದು ಅಂತ. ಕಾರಣ ಒಳ್ಳೆಯದೇ. ಆದರೆ ಮುಳುಗುಗಾರರು ಪಂಪಿನ ಬಾಯಿಯ ಹತ್ತಿರ ಇದ್ದಾಗ ಮಾತ್ರ ಹಾಗೆ ಮಾಡಿ ಅಂತ ಕೆಲವು ವರ್ಷ ಮೊದಲೇ ಕಂಪನಿಗೆ ಸಲಹೆ ಬಂದಿತ್ತು. ಪೈಪರ್‌ನಲ್ಲಿ ಯಾರಾದರೂ ನೀರಿಗೆ ಇಳಿದರೆ ಸಾಕು, ಮ್ಯಾನುಯಲ್. ಅದೇ ಅಭ್ಯಾಸವಾಗಿ ಉಳಿದಿತ್ತು. ಆ ಪಂಪುಗಳನ್ನು ಕೈಯಿಂದ ಚಾಲೂ ಮಾಡಲು ಹೊಗೆಯೊಳಗೆ ನುಗ್ಗಿದ ಇಬ್ಬರು ವಾಪಸ್ ಬರಲಿಲ್ಲ.

ಈಗ ಇನ್ನೊಂದು ಜಾಗಕ್ಕೆ ಬರೋಣ. ಪೈಪರ್‌ನಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಕ್ಲೇಮೋರ್ ಅನ್ನುವ ಪ್ಲಾಟ್‌ಫಾರ್ಮ್, ಅದಕ್ಕಿಂತ ಹತ್ತಿರದಲ್ಲಿ ಟಾರ್ಟನ್ ಅನ್ನುವುದು. ಎಲ್ಲದರ ಪೈಪುಗಳೂ ಒಂದಕ್ಕೊಂದು ಕೂಡಿದ್ದವು, ಎಣ್ಣೆ ಎಲ್ಲ ಆರ್ಕ್ನಿ ದ್ವೀಪದ ಫ್ಲಾಟಾ ಟರ್ಮಿನಲ್‌ಗೆ ಹೋಗುತ್ತಿತ್ತು. ಪೈಪರ್ ಹತ್ತಿ ಉರಿಯುತ್ತಿದೆ ಅಂತ ಆ ಎರಡೂ ಕಡೆಯವರಿಗೆ ಗೊತ್ತಾಯಿತು. ಆದರೂ ಎಣ್ಣೆ ಒತ್ತುವುದನ್ನು ತಕ್ಷಣ ನಿಲ್ಲಿಸಲಿಲ್ಲ. ಕ್ಲೇಮೋರ್‌ನಲ್ಲಿ ಕೆಳಗಿನ ಅಧಿಕಾರಿ ಮತ್ತೆ ಮತ್ತೆ ನಿಲ್ಲಿಸೋಣ ಅಂತ ಕೇಳಿದ್ದಾನೆ. ಮೇಲಿನವರು ನಿಲ್ಲಿಸಲು ಸುಮಾರು ಒಂದು ಗಂಟೆ ತೆಗೆದುಕೊಂಡರು. ಅಷ್ಟು ಹೊತ್ತು ಆ ಒತ್ತಡದಿಂದಾಗಿ ಪೈಪರ್‌ನ ಒಡೆದ ಲೈನಿನಿಂದ ಎಣ್ಣೆ ಸುರಿಯುತ್ತಲೇ ಇತ್ತು, ಬೆಂಕಿಗೆ ಆಹಾರವಾಗುತ್ತಲೇ ಇತ್ತು. ಆ ಬೆಂಕಿಯ ಕಾವಿಗೆ 10.20ರ ಹೊತ್ತಿಗೆ ಟಾರ್ಟನ್‌ನಿಂದ ಬರುವ ದೊಡ್ಡ ಗ್ಯಾಸ್ ಪೈಪ್ ಸಿಡಿಯಿತು. ಆಮೇಲೆ ಪೈಪರ್ ಉಳಿಯುವ ಮಾತೇ ಇರಲಿಲ್ಲ.

ಆ ಮ್ಯಾನೇಜರುಗಳು ಕಟುಕರೇ? ನನಗೆ ಹಾಗನ್ನಿಸುವುದಿಲ್ಲ. ನಿಲ್ಲಿಸುವ ಅಧಿಕಾರ ಅವರಿಗೆ ಕಾಗದದ ಮೇಲೆ ಇತ್ತು. ಆದರೆ ಒಂದು ಪ್ಲಾಟ್‌ಫಾರ್ಮ್ ನಿಲ್ಲಿಸಿದರೆ ಮತ್ತೆ ಚಾಲೂ ಆಗಲು ದಿನಗಟ್ಟಲೆ ಬೇಕು, ಅಷ್ಟು ದಿನದ ಲೆಕ್ಕ ಯಾರ ತಲೆಗೆ? ಪೈಪರ್‌ನವರ ರೇಡಿಯೋ ಸತ್ತುಹೋಗಿತ್ತು, ಅಲ್ಲಿಂದ ಮಾತೇ ಇಲ್ಲ. ಮಾತಿಲ್ಲ ಅಂದರೆ ಅವರು ಬೆಂಕಿ ಹತೋಟಿಗೆ ತರುತ್ತಿರಬೇಕು ಅಂದುಕೊಂಡರು. ದಡದ ಆಫೀಸಿಗೆ ಫೋನ್ ಮಾಡಿ ಕೇಳೋಣ, ಅವರು ಹೇಳಲಿ. ಈ "ಅವರು ಹೇಳಲಿ" ಅನ್ನುವ ಮಾತನ್ನು ನಮ್ಮ ಸೈಟಿನಲ್ಲಿ ನಾನು ಎಷ್ಟು ಭಾಷೆಯಲ್ಲಿ ಕೇಳಿದ್ದೇನೆ! ಹಿಂದಿ, ಮಲಯಾಳಂ, ಅರಬಿ, ತಗಾಲೋಗ್. ಕನ್ನಡದಲ್ಲಿ ಹೇಳಿದವನು ನಾನೇ.

ಪೈಪರ್‌ನಲ್ಲಿ ಮೊದಲ ಸ್ಫೋಟಕ್ಕೇ ಕಂಟ್ರೋಲ್ ರೂಮ್ ಹಾಳಾಗಿತ್ತು. ತುರ್ತಿನಲ್ಲಿ ಎಲ್ಲರೂ ಊಟದ ಹಾಲಿರುವ ವಸತಿ ಕಟ್ಟಡಕ್ಕೆ ಬಂದು ಸೇರಬೇಕು, ಹೆಲಿಕಾಪ್ಟರ್ ಬಂದು ಕರೆದೊಯ್ಯುತ್ತದೆ ಅಂತ ಅವರಿಗೆ ಕಲಿಸಿದ್ದರು. ಬಂದು ಸೇರಿದರು. ಹೊಗೆಯಲ್ಲಿ ಹೆಲಿಕಾಪ್ಟರ್ ಇಳಿಯಲು ಸಾಧ್ಯವೇ ಇರಲಿಲ್ಲ. ಪ್ಲಾಟ್‌ಫಾರ್ಮಿನ ಮುಖ್ಯಸ್ಥರಿಂದ ಇಲ್ಲಿಂದ ಹೊರಡಿ ಅನ್ನುವ ಆಜ್ಞೆ ಬರಲಿಲ್ಲ. ಬಹಳ ಜನ ಕಾದರು. ಕಾದವರಲ್ಲಿ ಬಹುಪಾಲು ಬೆಂಕಿಗಲ್ಲ, ಹೊಗೆಗೆ ಸತ್ತರು. ಆಜ್ಞೆಗೆ ಕಾಯದೆ ಹಗ್ಗ, ಹೋಸ್ ಪೈಪು ಹಿಡಿದು ಇಳಿದವರು, ಮೇಲಿನಿಂದಲೇ ಸಮುದ್ರಕ್ಕೆ ಹಾರಿದವರು, ಇವರಲ್ಲೇ ಹೆಚ್ಚಿನವರು ಬದುಕಿದ್ದು. ಕೆಲವರು ಹಾರಿದ್ದು ಹೆಲಿಪ್ಯಾಡಿನಿಂದ, 175 ಅಡಿ ಎತ್ತರ. ಒಟ್ಟು 61 ಜನ ಉಳಿದರು. 165 ಜನ, ಜೊತೆಗೆ ಅವರನ್ನು ಕಾಪಾಡಲು ಬಂದ ಸಣ್ಣ ದೋಣಿಯ ಇಬ್ಬರು, ಒಟ್ಟು 167 ಸಾವು. 30 ಜನರ ದೇಹ ಸಿಗಲೇ ಇಲ್ಲ. ಮಧ್ಯರಾತ್ರಿ ದಾಟುವಷ್ಟರಲ್ಲಿ ವಸತಿ ಕಟ್ಟಡವೂ ಸೇರಿ ಪ್ಲಾಟ್‌ಫಾರ್ಮಿನ ಬಹುಭಾಗ ಸಮುದ್ರಕ್ಕೆ ಕುಸಿದಿತ್ತು. ಬಾವಿಗಳ ಬೆಂಕಿ ಆರಿಸಲು ರೆಡ್ ಅಡೇರ್ ತಂಡಕ್ಕೆ ಮೂರು ವಾರ ಹಿಡಿಯಿತು. 1991ರಲ್ಲಿ ಕುವೈತಿನ ಬಾವಿಗಳು ಉರಿದಾಗ ಇಲ್ಲಿಗೆ ಬಂದದ್ದೂ ಅದೇ ಅಡೇರ್. ನಮ್ಮ ಕ್ಯಾಂಪಿನ ಹಳಬರು ಆ ಹೆಸರು ಕೇಳಿರುತ್ತಾರೆ.

ಸತ್ತವರಲ್ಲಿ ಬಹುಪಾಲು ಕಂಪನಿಯ ನೌಕರರಲ್ಲ, ಕಂಟ್ರಾಕ್ಟರ್ ಕಡೆಯವರು. ಇದನ್ನು ತರಬೇತಿಯಲ್ಲಿ ಯಾರೂ ನಮಗೆ ಹೇಳಲಿಲ್ಲ, ನಾನೇ ಆಮೇಲೆ ಓದಿ ತಿಳಿದದ್ದು. ಆ ಕಾಲದ ಉತ್ತರ ಸಮುದ್ರದಲ್ಲಿ ಒಂದು ಮಾತಿತ್ತು: ಎನ್ಆರ್‌ಬಿ. ಅಂದರೆ ಈ ಮನುಷ್ಯ ಮತ್ತೆ ಬೇಡ. ಸುರಕ್ಷತೆಯ ಬಗ್ಗೆ ಜಾಸ್ತಿ ಬಾಯಿಬಿಟ್ಟವನ ಹೆಸರಿನ ಮುಂದೆ ಈ ಮೂರು ಅಕ್ಷರ ಬಿದ್ದರೆ ಮುಂದಿನ ಸಲದ ಹೆಲಿಕಾಪ್ಟರಿನಲ್ಲಿ ಅವನಿಗೆ ಸೀಟು ಇಲ್ಲ. ಕಾರಣ ಕೇಳುವಂತಿಲ್ಲ, ಪತ್ರ ಇಲ್ಲ, ಏನೂ ಇಲ್ಲ. ಬಿಳಿಯರ ನಾಡಿನಲ್ಲೂ ಹೀಗಿತ್ತೇ ಅಂತ ನನಗೆ ಆಶ್ಚರ್ಯವಾಗಿತ್ತು. ನಮ್ಮಲ್ಲಿ ವೀಸಾ ರಿನ್ಯೂ ಆಗಲಿಲ್ಲ ಅಂತೀವಿ, ಅವರು ಹಾಗಂತಿದ್ದರು, ಅಷ್ಟೇ. ದುರಂತದ ಮುಂದಿನ ವರ್ಷ, 1989ರಲ್ಲಿ, ಅಲ್ಲಿನ ಕೆಲಸಗಾರರು ತಮ್ಮದೇ ಒಂದು ಸಮಿತಿ ಕಟ್ಟಿಕೊಂಡು ಮುಷ್ಕರಕ್ಕೆ ಇಳಿದರು. ಪ್ಲಾಟ್‌ಫಾರ್ಮುಗಳಲ್ಲಿ ಕೆಲಸಗಾರರೇ ಆರಿಸಿದ ಸುರಕ್ಷತಾ ಪ್ರತಿನಿಧಿ ಇರಬೇಕು ಅಂತ ಕಾನೂನು ಬಂದದ್ದೂ ಅದೇ ವರ್ಷ.

ವಿಚಾರಣೆ ನಡೆಸಿದವರು ಸ್ಕಾಟ್‌ಲೆಂಡಿನ ನ್ಯಾಯಾಧೀಶ ಲಾರ್ಡ್ ಕಲನ್. 1990ರ ನವೆಂಬರಿನಲ್ಲಿ ಅವರ ವರದಿ ಬಂತು, 106 ಶಿಫಾರಸು. ಉದ್ಯಮದವರು ಎಲ್ಲವನ್ನೂ ಒಪ್ಪಿದರು. ವರದಿಯ ಮುಖ್ಯ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ಅಲ್ಲಿಯವರೆಗೆ ಸರ್ಕಾರ ಪಟ್ಟಿ ಕೊಡುತ್ತಿತ್ತು, ಇಷ್ಟು ಬಕೆಟ್ಟು ಇಡಿ, ಇಷ್ಟು ದೋಣಿ ಇಡಿ ಅಂತ. ಕಂಪನಿ ಪಟ್ಟಿಗೆ ಟಿಕ್ ಹಾಕಿ ಕೈ ತೊಳೆದುಕೊಳ್ಳುತ್ತಿತ್ತು. ಕಲನ್ ಅದನ್ನು ತಿರುಗಿಸಿದರು. ನಿನ್ನ ಪ್ಲಾಟ್‌ಫಾರ್ಮಿನಲ್ಲಿ ಏನೇನು ಕೆಡಬಹುದು, ಕೆಟ್ಟರೆ ಏನು ಮಾಡುತ್ತೀ, ಅದು ಸಾಕಾಗುತ್ತದೆ ಅಂತ ನೀನೇ ಬರೆದು ತೋರಿಸು. ಇದಕ್ಕೆ ಸೇಫ್ಟಿ ಕೇಸ್ ಅಂತ ಹೆಸರು, 1992ರಲ್ಲಿ ಬ್ರಿಟನ್ನಿನಲ್ಲಿ ನಿಯಮವಾಯಿತು. ತೈಲ ಇಲಾಖೆಯ ಕೈಯಲ್ಲಿದ್ದ ಸುರಕ್ಷತೆಯ ಮೇಲ್ವಿಚಾರಣೆಯನ್ನು ಬೇರೆ ಸಂಸ್ಥೆಗೆ ಕೊಟ್ಟರು. ಎಣ್ಣೆ ಹೆಚ್ಚು ತೆಗೆಯಿರಿ ಅನ್ನುವವರೇ ಸುರಕ್ಷತೆಯನ್ನೂ ನೋಡುವುದು ಹೇಗೆ ಅನ್ನುವುದು ಪ್ರಶ್ನೆ.

ಆದರೆ ನಮ್ಮಂಥವರ ಕೈಗೆ ಬಂದದ್ದು ಸಣ್ಣ ಸಣ್ಣ ಬದಲಾವಣೆ. ಇವತ್ತು ನಮ್ಮ ಪರ್ಮಿಟ್ ಮೇಲೆ "ಇದೇ ಯಂತ್ರದ ಬೇರೆ ಪರ್ಮಿಟ್ ನಂಬರ್" ಅಂತ ಒಂದು ಖಾನೆ ಇದೆಯಲ್ಲ, ಬೇಜಾರಿನಿಂದ ಅಡ್ಡಗೆರೆ ಎಳೆಯುತ್ತೀರಲ್ಲ, ಪೈಪರ್‌ನ ಆ ಎರಡು ಕಾಗದ ಒಂದನ್ನೊಂದು ಬಲ್ಲದೆ ಉಳಿದದ್ದನ್ನು ನೆನೆಸಿಕೊಂಡರೆ ಆ ಖಾನೆಯ ಅರ್ಥ ತಿಳಿಯುತ್ತದೆ. ನಿಂತ ಕೆಲಸದ ಪರ್ಮಿಟ್ ಕಂಟ್ರೋಲ್ ರೂಮಿನ ಬೋರ್ಡಿನ ಮೇಲೇ ನೇತಾಡಬೇಕು ಅನ್ನುವುದು, ಬೀಗ ಹಾಕಿ ಟ್ಯಾಗ್ ಕಟ್ಟಿ ಬೀಗದ ಕೈ ಪೆಟ್ಟಿಗೆಯಲ್ಲಿಡುವುದು, ಕೊಡುವವನೂ ತೆಗೆದುಕೊಳ್ಳುವವನೂ ಎದುರುಬದುರು ನಿಂತು ಸಹಿ ಮಾಡುವುದು, ಇವೆಲ್ಲ ಆ 167 ಜನರ ಲೆಕ್ಕದಿಂದ ನಮಗೆ ಕಲಿಸಿದ್ದು.

ಈಗ ನನ್ನ ಕಥೆ. ಹನ್ನೊಂದು ವರ್ಷದ ಹಿಂದೆ ಒಂದು ಸ್ಥಾವರದ ಶಟ್‌ಡೌನ್ ಕೆಲಸದಲ್ಲಿದ್ದೆ. ಆಗಸ್ಟ್ ತಿಂಗಳು, ಬಿಸಿಲು ಗೊತ್ತಲ್ಲ. ನನ್ನ ಹುಡುಗರು ಒಂದು ಬಿಸಿನೀರಿನ ಪಂಪಿನ ಮೇಲಿನ ವಾಲ್ವ್ ಬಿಚ್ಚಿದ್ದರು. ವಾಪಸ್ ಹಾಕುವ ಗ್ಯಾಸ್ಕೆಟ್ ಸ್ಟೋರಿನಲ್ಲಿ ಸಿಗಲಿಲ್ಲ. ಬ್ಲೈಂಡ್ ಹಾಕಿ ಎರಡು ಬೋಲ್ಟ್ ಬಿಗಿ ಮಾಡಿದರು, ಉಳಿದದ್ದು ಬೆಳಿಗ್ಗೆ ಅಂತ. ನಾನು ಪರ್ಮಿಟ್ ಹಿಡಿದುಕೊಂಡು ಕೌಂಟರಿಗೆ ಹೋದರೆ ಮುಂದೆ ಮೂವತ್ತು ಜನ. ಹೊರಗೆ ನಮ್ಮ ಬಸ್ಸಿನ ಡ್ರೈವರ್ ಹಾರ್ನ್ ಹೊಡೀತಿದ್ದಾನೆ. ಸಹಿ ಮಾಡಿ, ಕಾಗದವನ್ನು ಟ್ರೇಯಲ್ಲಿ ಹಾಕಿ ಬಸ್ ಹತ್ತಿದೆ. ಪೈಪರ್ ಆಲ್ಫಾದ ತರಬೇತಿಯ ಸರ್ಟಿಫಿಕೇಟು ಆಗ ನನ್ನ ಫೈಲಿನಲ್ಲೇ ಇತ್ತು.

ರಾತ್ರಿ ಒಂಬತ್ತಕ್ಕೆ ಮೆಸ್ಸಿನಲ್ಲಿ ಅನ್ನ ಸಾರು ಕಲಸುವಾಗ ತಟ್ಟನೆ ನೆನಪಾಯಿತು. ಯಾರಿಗೂ ಬಾಯಲ್ಲಿ ಹೇಳಿಲ್ಲ. ಫೋನ್ ಜೇಬಿನಲ್ಲೇ ಇತ್ತು. ಆದರೆ ಮಾಡಲಿಲ್ಲ. ಅವರು ಬೋರ್ಡು ನೋಡಿರುತ್ತಾರೆ ಅಂದುಕೊಂಡೆ. ಆ ಪಂಪ್ ಈಗ ಯಾಕೆ ಓಡಿಸುತ್ತಾರೆ ಅಂದುಕೊಂಡೆ. ರೂಮಿಗೆ ಬಂದು ಮಲಗಿದೆ, ನಿದ್ದೆ ಬರಲಿಲ್ಲ. ಹತ್ತು ದಾಟಿದ ಮೇಲೆ ಫೋನ್ ಮಾಡಿದೆ. ರಾತ್ರಿ ಪಾಳಿಯ ಆಪರೇಟರ್ ಒಬ್ಬ ತಮಿಳು ಗೆಳೆಯ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಬೆಳಗಿನ ಜಾವ ಲೈನ್ ಬಿಸಿ ಮಾಡಲು ಅದೇ ಪಂಪ್ ಅವರ ಪಟ್ಟಿಯಲ್ಲಿದೆ ಅಂದ. ಕಾಗದ ಟ್ರೇಯಲ್ಲೇ ಇತ್ತಂತೆ, ಬೇರೆ ಹದಿನೈದು ಕಾಗದದ ಕೆಳಗೆ.

ಏನೂ ಆಗಲಿಲ್ಲ. ಅವನು ಬೀಗ ಹಾಕಿಸಿದ, ಬೆಳಿಗ್ಗೆ ನಾವು ಕೆಲಸ ಮುಗಿಸಿದೆವು, ಯಾರೂ ಕೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಹನ್ನೊಂದು ವರ್ಷ.

ಮೊನ್ನೆ ನಮ್ಮ ಕೂಟದ ಶುಕ್ರವಾರದ ಸಭೆಯಲ್ಲಿ ಹೊಸ ಹುಡುಗರಿಗೆ ಪೈಪರ್ ಆಲ್ಫಾದ ಕಥೆ ಹೇಳುತ್ತಿದ್ದೆ. ಎಲ್ಲರ ಜೇಬಿನಲ್ಲೂ ಈಗ ಒಂದು ಕಾರ್ಡ್ ಇದೆ: ಅಪಾಯ ಕಂಡರೆ ಯಾರು ಬೇಕಾದರೂ ಕೆಲಸ ನಿಲ್ಲಿಸಬಹುದು, ಯಾರೂ ಪ್ರಶ್ನೆ ಮಾಡುವುದಿಲ್ಲ, ಕೆಳಗೆ ದೊಡ್ಡ ಸಾಹೇಬರ ಸಹಿ. ಅದನ್ನು ತೋರಿಸಿ ಮಾತಾಡುತ್ತಿದ್ದವನಿಗೆ ಮಾತಿನ ಭರದಲ್ಲಿ ನನ್ನ ಆ ರಾತ್ರಿಯ ಕಥೆಯೂ ಬಾಯಿಗೆ ಬಂದುಬಿಟ್ಟಿತು. ಗದಗ ಕಡೆಯ ಹುಡುಗನೊಬ್ಬ, ಹೆಲ್ಪರ್ ಆಗಿ ಬಂದು ನಾಲ್ಕು ತಿಂಗಳಾಗಿದೆ, ಹಿಂದೆ ಕೂತಿದ್ದವನು ಎದ್ದು ನಿಂತ.

"ಅಲ್ರೀ ಅಣ್ಣಾರ, ಒಂಬತ್ತಕ್ಕ ನೆನಪಾತು ಅಂದ್ರಿ. ಫೋನ್ ಮಾಡಿದ್ದು ಹತ್ತರ ಮ್ಯಾಲ. ನಡುವ ಒಂದು ತಾಸು ಏನ್ ಮಾಡಿದ್ರಿ?"

ಕೆಲವರು ನಕ್ಕರು. ಅವನು ನಗಲಿಲ್ಲ, ಉತ್ತರಕ್ಕೆ ನಿಂತೇ ಇದ್ದ. ಮಗಳ ಪಿಯುಸಿ ಫೀಸು ಕಟ್ಟುವುದಿತ್ತು, ಒಂದು ಮೆಮೋ ಆಗಲೇ ಬಿದ್ದಿತ್ತು, ವೀಸಾ ಮುಗಿಯಲು ಎರಡು ತಿಂಗಳಿತ್ತು, ನಾನೇ ತಪ್ಪು ಮಾಡಿದ್ದೇನೆ ಅಂತ ನಾನೇ ಫೋನ್ ಮಾಡಿ ಹೇಳಬೇಕಿತ್ತು, ಆ ತಾಸು ಇದನ್ನೆಲ್ಲ ಲೆಕ್ಕ ಹಾಕುತ್ತಾ ಮಲಗಿದ್ದೆ ಅಂದೆ. ಅವನು ತಲೆಯಾಡಿಸಿದ. ಕೂರುವ ಮೊದಲು ತನ್ನ ಕಾರ್ಡ್ ತೆಗೆದು ಒಮ್ಮೆ ತಿರುಗಿಸಿ ನೋಡಿದ.

"ಇದರಾಗ ಹೆಲ್ಪರ್‌ಗೂ ಐತಿ ಅಂತ ಬರದಾರೇನ್ರಿ?" ಅಂತ ಕೇಳಿದ.

ಬರೆದಿದ್ದಾರೆ ಅಂದೆ. ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದಲ್ಲಿತ್ತು, ಹತ್ತಿರ ಹೋಗಿ ಬೆರಳಿಟ್ಟು ಓದಿ ತೋರಿಸಿದೆ.